ಆಟ ಮೈಗೂಡುವ ಬಗೆ

"ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಹಿರಿಯರು ನಮಗೆ ಬುದ್ಧಿ ಹೇಳುವಾಗ ಅದರ ಮೊದಲರ್ಧವನ್ನು ಮಾತ್ರ ಆಡುತ್ತಾರೆ, ಉಳಿದರ್ಧವನ್ನು ಬಿಟ್ಟುಬಿಡುತ್ತಾರೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ರಾಗವೂ ಬಂದೀತು, ರೋಗವೂ ಬಂದೀತು. ಯಾವ ಅಭ್ಯಾಸದಿಂದ ರಾಗ, ಯಾವ ಅಭ್ಯಾಸದಿಂದ ರೋಗ ಎಂಬುದನ್ನು ಗಾದೆ ತಿಳಿಸುವುದಿಲ್ಲ. ಆಟದ ಬಯಲಿನ ಮಟ್ಟಿಗೆ ಈ ಪ್ರಶ್ನೆಯನ್ನು ಹಿಡಿದು ಶೋಧಿಸಿದ ವಿದ್ವಾಂಸರು ಕಳೆದ ನೂರು ವರ್ಷಗಳಲ್ಲಿ ಹಲವರಿದ್ದಾರೆ. ಅವರು ಕಂಡುಕೊಂಡ ಸಂಗತಿಗಳಲ್ಲಿ ಕೆಲವು, ಸಂಜೆಯ ಹೊತ್ತು ನಮ್ಮ ಕಾಲೇಜಿನ ಬಯಲಿನಲ್ಲಿ ನಾವು ನಡೆಸುವ ಅಭ್ಯಾಸಕ್ಕೆ ನೇರ ವಿರುದ್ಧವಾಗಿವೆ. ಆದುದರಿಂದಲೇ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇನೆ. ನಾನು ಕ್ರೀಡಾಪಟುವೆಂದು ಹೇಳಿಕೊಳ್ಳುವಷ್ಟು ದೊಡ್ಡವಳಲ್ಲ. ಮೂರು ವರ್ಷ ಖೋಖೋ ತಂಡದಲ್ಲಿ ಓಡಿದವಳು, ಅಷ್ಟೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. "ಅವನ ಕೈ ಪಳಗಿದೆ, ಇವಳ ಕಾಲು ಪಳಗಿದೆ" ಎಂದು ನಾವು ಅನ್ನುತ್ತೇವೆ. ಕೈಕಾಲಿನ ಮಾಂಸಖಂಡಗಳು ಅಭ್ಯಾಸದಿಂದ ಬಲಿಯುತ್ತವೆ, ನಿಜ. ಆದರೆ ಚಲನೆಯನ್ನು ನೆನಪಿಡತಕ್ಕದ್ದು ಮೆದುಳು. ತಲೆಯ ಹಿಂಭಾಗದಲ್ಲಿ ಕೆಳಗಿರುವ ಚಿಕ್ಕ ಮೆದುಳಿಗೆ ಇದರಲ್ಲಿ ಮುಖ್ಯ ಪಾತ್ರವುಂಟು. ನಾವು ಎಣಿಸಿದ ಚಲನೆಗೂ ನಿಜವಾಗಿ ನಡೆದ ಚಲನೆಗೂ ಇರುವ ಅಂತರವನ್ನು ಅದು ಗುರುತಿಸಿ, ಮುಂದಿನ ಸಲ ಮಾಂಸಖಂಡಗಳಿಗೆ ಹೋಗಬೇಕಾದ ಅಪ್ಪಣೆಯನ್ನು ಅಷ್ಟಷ್ಟೇ ತಿದ್ದುತ್ತದೆ. ಹಾಗಾದರೆ ತಪ್ಪೆಂಬುದು ಕಲಿಕೆಗೆ ಶತ್ರುವಲ್ಲ. ತಪ್ಪೇ ಇಲ್ಲದಿದ್ದರೆ ತಿದ್ದುವುದಕ್ಕೆ ಏನುಂಟು?

ಫಿಟ್ಸ್ ಮತ್ತು ಪೋಸ್ನರ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1967ರಲ್ಲಿ ಈ ಕಲಿಕೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರು. ಅವನ್ನು ನಮ್ಮ ಖೋಖೋ ಕಂಬದ ಬಳಿಯಲ್ಲೇ ನೋಡಬಹುದು. ಹೊಸದಾಗಿ ಬಂದ ಹುಡುಗಿ ಕಂಬ ಹಿಡಿದು ಹಾರುವಾಗ "ಎಡಗಾಲು ಮುಂದೆ, ಕೈ ಕೆಳಗೆ" ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾಳೆ; ಅವಳ ಬುದ್ಧಿಯೆಲ್ಲ ತನ್ನ ಕೈಕಾಲಿನ ಮೇಲೆಯೇ ಖರ್ಚಾಗಿಹೋಗುತ್ತದೆ. ಕೆಲವು ವಾರಗಳಾದ ಮೇಲೆ ಬಾಯಿ ನಿಲ್ಲುತ್ತದೆ, ತಪ್ಪು ಕಡಮೆಯಾಗುತ್ತದೆ, ಆದರೆ ಗಮನ ತಪ್ಪಿದರೆ ಹಾರುವುದೂ ತಪ್ಪುತ್ತದೆ. ಕೊನೆಯ ಘಟ್ಟದಲ್ಲಿ ಕಂಬದ ಗೊಡವೆಯೇ ಅವಳಿಗೆ ಇರುವುದಿಲ್ಲ. ಓಡುವವಳ ಹೆಗಲು ಯಾವ ಕಡೆಗೆ ವಾಲಿತೆಂಬುದನ್ನು ನೋಡುತ್ತ ನೋಡುತ್ತಲೇ ಅವಳ ಮೈ ಹಾರಿಬಿಟ್ಟಿರುತ್ತದೆ. ಈ ದಾರಿ ಎಲ್ಲ ಕಡೆಯೂ ಸಮನಾಗಿಲ್ಲ. ಮೊದಲ ದಿನಗಳಲ್ಲಿ ಏರಿಕೆ ಬಹು ಬೇಗ. ಆಮೇಲೆ ಬಹಳ ನಿಧಾನ. ಕ್ರಾಸ್‌ಮನ್ ಎಂಬವರು 1959ರಲ್ಲಿ ಚುಟ್ಟಾ ಕಾರ್ಖಾನೆಯೊಂದರ ಕೆಲಸಗಾರರನ್ನು ಕುರಿತು ಬರೆಯುತ್ತ, ಲಕ್ಷಗಟ್ಟಲೆ ಚುಟ್ಟಾ ಮಾಡಿದ ಮೇಲೂ ವರ್ಷಗಳವರೆಗೆ ಅವರ ಕೈವೇಗ ಇಷ್ಟಿಷ್ಟೇ ಹೆಚ್ಚುತ್ತಿತ್ತೆಂದು ತೋರಿಸಿದರು. "ನನ್ನ ಆಟ ನಿಂತುಹೋಯಿತು" ಎಂದು ಮೂರು ತಿಂಗಳಿಗೇ ಕೈಚೆಲ್ಲುವವರು ಈ ಚುಟ್ಟಾ ಕೆಲಸಗಾರರನ್ನು ನೆನೆಯುವುದು ಒಳ್ಳೆಯದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಪಳಗಿದ ಕೈ ಒಂದೇ ಚಲನೆಯನ್ನು ಅಚ್ಚು ಹಾಕಿದಂತೆ ಮತ್ತೆ ಮತ್ತೆ ಮಾಡುತ್ತದೆಯೆಂದು ನಾವೆಲ್ಲರೂ ನಂಬಿದ್ದೇವೆ. ಇದು ನಿಜವಲ್ಲವೆಂದು ತೋರಿಸಿಕೊಟ್ಟವರು ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್. 1920ರ ದಶಕದಲ್ಲಿ ಮಾಸ್ಕೋ ನಗರದಲ್ಲಿ ಅವರು, ಉಳಿಯ ತಲೆಗೆ ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ಹೆಗಲು, ಮೊಣಕೈ, ಮಣಿಕಟ್ಟುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿ, ಕೈ ಸಾಗಿದ ಜಾಡನ್ನು ಛಾಯಾಚಿತ್ರದಲ್ಲಿ ಹಿಡಿದರು. ಸುತ್ತಿಗೆ ಪ್ರತಿ ಸಲವೂ ಬೀಳಬೇಕಾದಲ್ಲಿಯೇ ಬೀಳುತ್ತಿತ್ತು. ಆದರೆ ಹೆಗಲು, ಮೊಣಕೈಗಳ ಜಾಡು ಒಂದು ಹೊಡೆತಕ್ಕಿದ್ದಂತೆ ಇನ್ನೊಂದಕ್ಕೆ ಇರಲಿಲ್ಲ. ಹೆಗಲು ಸ್ವಲ್ಪ ಅತ್ತ ಸರಿದರೆ ಮೊಣಕೈ ಸ್ವಲ್ಪ ಇತ್ತ ಸರಿದು ಲೆಕ್ಕ ಸರಿಮಾಡುತ್ತಿತ್ತು. ಕುಶಲಿಯಾದವನು ಪ್ರತಿ ಸಲವೂ ಸಮಸ್ಯೆಯನ್ನು ಹೊಸದಾಗಿ ಬಿಡಿಸುತ್ತಾನೆ, ಹಳೆಯ ಉತ್ತರವನ್ನು ನಕಲು ಮಾಡುವುದಿಲ್ಲ ಎಂಬುದು ಬರ್ನ್‌ಸ್ಟೈನರ ಸಿದ್ಧಾಂತ. "ಪುನರಾವೃತ್ತಿಯಿಲ್ಲದ ಪುನರಾವೃತ್ತಿ" ಎಂದು ಅವರು ಅಭ್ಯಾಸವನ್ನು ಕರೆದರು.

ಇದನ್ನು ಓದಿದಾಗ ನನಗೆ ಸುತ್ತಿಗೆಗಿಂತ ಮೊದಲು ನೆನಪಾದದ್ದು ಶೇಂಗಾ ಬಿತ್ತನೆ. ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ದೇವಸಮುದ್ರ ಮಳೆ ಕಡಮೆಯ ಸೀಮೆ. ಹದ ಸಿಕ್ಕ ದಿನ ಬಿತ್ತಿ ಮುಗಿಸಬೇಕು. ಈಗ ಟ್ರ್ಯಾಕ್ಟರು ಕೂರಿಗೆಗಳು ಬಂದಿವೆಯಾದರೂ, ಎತ್ತಿನ ಹಿಂದೆ ನಡೆಯುತ್ತ ಸಾಲಿಗೆ ಬೀಜ ಬಿಡುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಎತ್ತು ಒಮ್ಮೆ ಬೇಗ ನಡೆಯುತ್ತದೆ, ಒಮ್ಮೆ ತಡೆಯುತ್ತದೆ. ಕಾಲ ಕೆಳಗೆ ಹೆಂಟೆ ಸಿಕ್ಕಿ ಮೈ ವಾಲುತ್ತದೆ. ಗಾಳಿಗೆ ಸೆರಗು ಹಾರುತ್ತದೆ. ಇಷ್ಟಾದರೂ ನನ್ನ ತಾಯಿಯ ಕೈಯಿಂದ ಬೀಜ ಅರ್ಧ ಗೇಣಿಗೊಂದರಂತೆ ಬೀಳುತ್ತಿತ್ತು. ಮೊಳಕೆ ಬಂದ ಮೇಲೆ ಸಾಲು ನೋಡಿದರೆ ಯಾರು ಬಿತ್ತಿದ್ದೆಂದು ಹೇಳಬಹುದಾಗಿತ್ತು. ತಾಯಿಗೆ ಅಕ್ಷರ ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬರ್ನ್‌ಸ್ಟೈನರ ವಿಚಾರವನ್ನು ಅವಳಿಗೆ ಬಿಡಿಸಿ ಹೇಳಿದೆ. "ಎತ್ತು ನಡದಂಗೆ ಕೈ ನಡಿತೈತೆ ಕಣವ್ವ, ಅದ್ಕೂ ಒಂದು ಪುಸ್ತಕ ಬರ್ದವ್ರಾ?" ಎಂದು ನಕ್ಕುಬಿಟ್ಟಳು. ರಷ್ಯಾದ ವಿದ್ವಾಂಸರೂ ಹೇಳಿದ್ದು ಇದೇ ಎಂದು ನನ್ನ ಎಣಿಕೆ.

ಮೈಯ ಲೆಕ್ಕ ಹೀಗೆ ಹೊಸ ಉತ್ತರ ಹುಡುಕುವುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ನಿದರ್ಶನವೊಂದುಂಟು. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರಿಗೆ ಎಳೆತನದಲ್ಲಿಯೇ ಪೋಲಿಯೊ ಬಂದು ಬಲಗೈ ಸೊರಗಿತು. ಚೆಂಡನ್ನು ಹಿಡಿದು ವಾಪಸು ಎಸೆಯುವುದಕ್ಕೆ ಅವರು ಎಡಗೈಯನ್ನೇ ಬಳಸುತ್ತಿದ್ದರು. ಆದರೆ ಬೌಲು ಮಾಡುತ್ತಿದ್ದುದು ಆ ಸೊರಗಿದ ಬಲಗೈಯಿಂದ. ಸಾಮಾನ್ಯ ಸ್ಪಿನ್ ಬೌಲರುಗಳಿಗಿಂತ ಹೆಚ್ಚು ವೇಗವಾಗಿ ಆ ಕೈಯಿಂದ ಚೆಂಡು ಚಿಮ್ಮುತ್ತಿತ್ತು. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟು ಕಿತ್ತು, ಭಾರತಕ್ಕೆ ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಸರಣಿ ವಿಜಯವನ್ನು ದೊರಕಿಸಿದರು. ಒಟ್ಟು 58 ಟೆಸ್ಟುಗಳಲ್ಲಿ 242 ವಿಕೆಟುಗಳು ಅವರ ಪಾಲಿಗೆ ಬಂದವು. ಬೌಲಿಂಗಿನ ಕೈಪಿಡಿಯಲ್ಲಿ ಚಿತ್ರಿಸಿದ ತೋಳು ಅವರಿಗೆ ಇರಲಿಲ್ಲ. ಇದ್ದ ತೋಳಿಗೆ ಒಪ್ಪುವ ದಾರಿಯನ್ನು ಅವರ ಮೈ ಕಂಡುಕೊಂಡಿತು. ಎಲ್ಲರನ್ನೂ ಒಂದೇ ಭಂಗಿಗೆ ತಂದು ನಿಲ್ಲಿಸಲು ಹವಣಿಸುವ ತರಬೇತುದಾರರು ಈ ಸಂಗತಿಯನ್ನು ಮರೆಯಬಾರದು.

ಸರಿ, ಪ್ರತಿ ಸಲವೂ ಹೊಸದಾಗಿ ಲೆಕ್ಕ ಬಿಡಿಸುವುದೇ ಕೌಶಲವಾದರೆ, ಅಭ್ಯಾಸವೂ ಆ ಲೆಕ್ಕವನ್ನೇ ಕಲಿಸುವಂತಿರಬೇಡವೆ? 1978ರಲ್ಲಿ ಕರ್ ಮತ್ತು ಬೂತ್ ಎಂಬವರು ಎಂಟು ವರ್ಷದ ಮಕ್ಕಳ ಕೈಗೆ ಕಾಳು ತುಂಬಿದ ಪುಟ್ಟ ಚೀಲ ಕೊಟ್ಟು ಗುರಿಯೆಸೆತ ಕಲಿಸಿದರು. ಒಂದು ಗುಂಪು ಮೂರು ಅಡಿ ದೂರದ ಗುರಿಗೇ ಎಸೆಯುತ್ತ ಬಂದಿತು. ಇನ್ನೊಂದು ಗುಂಪು ಎರಡು ಅಡಿಗೂ ನಾಲ್ಕು ಅಡಿಗೂ ಎಸೆಯಿತು. ಮೂರು ಅಡಿಯ ಗುರಿಯನ್ನು ಅಭ್ಯಾಸದಲ್ಲಿ ಮುಟ್ಟಲೇ ಇಲ್ಲ. ಕೊನೆಗೆ ಎಲ್ಲರನ್ನೂ ಮೂರು ಅಡಿಗೇ ಪರೀಕ್ಷಿಸಿದಾಗ ಗೆದ್ದವರು ಎರಡನೆಯ ಗುಂಪಿನವರು! ನಮ್ಮ ಕಡೆ ಸಜ್ಜೆ, ಜೋಳದ ಹೊಲ ಕಾಯುವ ಹುಡುಗರು ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯ ತೋರದು. ಹಕ್ಕಿಯ ಹಿಂಡು ಎರಡು ಸಲ ಒಂದೇ ಕಡೆ ಇಳಿಯುವುದಿಲ್ಲ, ಕಲ್ಲೂ ಎರಡು ಸಲ ಒಂದೇ ತೂಕದ್ದಾಗಿರುವುದಿಲ್ಲ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿ "ಕೋತಿರಾಜ"ನೆಂದು ಹೆಸರಾದ ಜ್ಯೋತಿರಾಜ್ ಅವರು ಕೋತಿಗಳನ್ನು ನೋಡಿ ಈ ವಿದ್ಯೆ ಕಲಿತದ್ದಾಗಿ ಹೇಳಿದ್ದಾರೆ. ನೋಡಿ ಕಲಿಯುವುದೂ ಕಲಿಕೆಯೇ ಸರಿ. ಆದರೆ ಆ ಗೋಡೆಯಲ್ಲಿ ಒಂದು ಸಂದಿನಂತೆ ಇನ್ನೊಂದು ಸಂದಿಲ್ಲವೆಂಬುದನ್ನೂ ಗಮನಿಸಬೇಕು.

ಎಸೆತದ ದೂರವನ್ನು ಬದಲಿಸುವುದು ಒಂದು ಬಗೆ. ಬೇರೆ ಬೇರೆ ಹೊಡೆತಗಳನ್ನು ಕಲಸಿ ಅಭ್ಯಾಸ ಮಾಡುವುದು ಇನ್ನೊಂದು ಬಗೆ. ಇದಕ್ಕೆ ಬ್ಯಾಡ್ಮಿಂಟನ್ ಆಟವೇ ತಕ್ಕ ಉದಾಹರಣೆ. ಆ ಆಟವೆಂದೊಡನೆ ನಮಗೆ ನೆನಪಾಗುವವರು, 1980ರಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ. ಅವರು ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ! ಬಯಲಿಲ್ಲ, ಸೌಕರ್ಯವಿಲ್ಲ ಎಂದು ಗೊಣಗುವ ನಮಗೆ ಈ ಮಾತು ಸಮಾಧಾನ ತರತಕ್ಕದ್ದು. ಒಂದೇ ರೀತಿ ಕೈಯೆತ್ತಿ ಬೇರೆ ಬೇರೆ ಹೊಡೆತ ಹೊಡೆದು ಎದುರಾಳಿಯನ್ನು ಮರುಳುಗೊಳಿಸುವುದು ಅವರ ಆಟದ ಸೊಗಸಾಗಿತ್ತು. ಈ ಆಟದ ಸರ್ವಿಸ್‌ಗಳಲ್ಲಿ ಮೂರು ಬಗೆಯನ್ನು ತೆಗೆದುಕೊಂಡು 1986ರಲ್ಲಿ ಅಮೆರಿಕದ ಗೂಡ್ ಮತ್ತು ಮ್ಯಾಗಿಲ್ ಎಂಬವರು ಹೊಸಬರಾದ ಯುವತಿಯರಿಗೆ ಮೂರು ವಾರ ಕಲಿಸಿದರು. ಕೆಲವರು ಒಂದು ದಿನ ಒಂದೇ ಸರ್ವಿಸ್ ಮಾಡಿದರು. ಕೆಲವರು ಮೂರನ್ನೂ ಮುಂದೇನೆಂದು ತಿಳಿಯದಂತೆ ಕಲಸಿ ಮಾಡಿದರು. ಬಳಿಕ ನಡೆದ ಪರೀಕ್ಷೆಯಲ್ಲಿ ಕಲಸಿ ಕಲಿತವರೇ ಮುಂದಾದರು. ಅಂಕಣದ ಬದಿ ಬದಲಿಸಿ ಪರೀಕ್ಷಿಸಿದಾಗಲೂ ಅವರೇ ಮುಂದು.

ಇದಕ್ಕಿಂತ ಏಳು ವರ್ಷ ಮೊದಲು, ಅಂದರೆ 1979ರಲ್ಲಿ, ಶೇ ಮತ್ತು ಮಾರ್ಗನ್ ಎಂಬವರು ಕೈಯಿಂದ ಪುಟ್ಟ ಹಲಗೆಗಳನ್ನು ಗೊತ್ತಾದ ಕ್ರಮದಲ್ಲಿ ಬೀಳಿಸುವ ಕೆಲಸ ಕೊಟ್ಟು ಇನ್ನೂ ವಿಚಿತ್ರವಾದ ಸಂಗತಿಯನ್ನು ಕಂಡಿದ್ದರು. ಅಭ್ಯಾಸದ ಹೊತ್ತಿನಲ್ಲಿ, ಒಂದೊಂದನ್ನೇ ಮುಗಿಸಿ ಮುಂದಕ್ಕೆ ಹೋದವರು ಹೆಚ್ಚು ಚುರುಕು; ಕಲಸಿ ಮಾಡಿದವರು ತಡವರಿಸಿದರು. ಹತ್ತು ದಿನಗಳ ಮೇಲೆ ಕರೆಸಿ ನೋಡಿದರೆ ಲೆಕ್ಕ ತಿರುವುಮುರುವು! ಆ ದಿನ ಚೆನ್ನಾಗಿ ಮಾಡಿ ತೋರಿಸುವುದು ಬೇರೆ, ಕಲಿಯುವುದು ಬೇರೆ ಎಂಬುದು ಇದರಿಂದ ಸ್ಥಿರಪಟ್ಟಿತು. ಕಾರಣ ಕಷ್ಟದ್ದಲ್ಲ. ಒಂದೇ ಹಾರುವಿಕೆಯನ್ನು ಇಪ್ಪತ್ತೈದು ಸಲ ಮಾಡಿದರೆ ಎರಡನೆಯದರಿಂದಾಚೆಗೆ ಬುದ್ಧಿಗೆ ಕೆಲಸವಿಲ್ಲ; ಹಿಂದಿನದನ್ನೇ ಎತ್ತಿ ಮುಂದಿಟ್ಟರೆ ಸಾಕು. ನಡುವೆ ಬೇರೊಂದು ಕೆಲಸ ಬಂದರೆ ಹಿಂದಿನದು ಮರೆತುಹೋಗುತ್ತದೆ. ಮತ್ತೆ ಮೊದಲಿನಿಂದ ಹೆಣೆಯಬೇಕಾಗುತ್ತದೆ. ಆ ಹೆಣೆಯುವ ಶ್ರಮವೇ ಕಲಿಕೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಉರುಹೊಡೆದು ಬೆಳಗಾಗುವಷ್ಟರಲ್ಲಿ ಪಂಡಿತರಾಗಿ, ಹದಿನೈದು ದಿನಕ್ಕೆ ಹಣೆ ಕೆರೆದುಕೊಳ್ಳುವ ನಮ್ಮ ಗೆಳತಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಖೋಖೋ ಅಭ್ಯಾಸವನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡೋಣ. ಸಾಲಾಗಿ ನಿಂತು ಕಂಬಕ್ಕೆ ಹಾರುತ್ತೇವೆ. ಮುಗಿದ ಮೇಲೆ ಸಾಲಾಗಿ ಕುಳಿತು ಖೋ ಕೊಡುತ್ತೇವೆ. ಆಮೇಲೆ ಸರಪಳಿ ಓಟ. ನೋಡುವವರ ಕಣ್ಣಿಗೆ ಬಹಳ ಶಿಸ್ತಾಗಿ ಕಾಣುತ್ತದೆ. ಆದರೆ ಪಂದ್ಯದಲ್ಲಿ ಕಂಬ ಹೀಗೆ ಒಂಟಿಯಾಗಿ ಬರುತ್ತದೆಯೆ? ಕುಳಿತಲ್ಲಿಂದ ಎದ್ದು, ಹಿಡಿದ ದಿಕ್ಕನ್ನು ಬದಲಿಸಲಾಗದೆ, ನಡುಗೆರೆ ದಾಟಲಾಗದೆ, ಮುಂದಿನವಳಿಗೆ ಖೋ ಕೊಡುವುದೋ ತಾನೇ ಕಂಬದವರೆಗೆ ಓಡುವುದೋ ಎಂದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೀರ್ಮಾನಿಸಿ ಹಾರಬೇಕು. ತೀರ್ಮಾನವಿಲ್ಲದ ಹಾರಾಟ ಪಂದ್ಯದಲ್ಲಿ ಇಲ್ಲವೇ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನಲ್ಲಿ ನಮ್ಮ ದೇಶದ ವನಿತೆಯರ ತಂಡ ನೇಪಾಳವನ್ನು ಸೋಲಿಸಿ ಗೆದ್ದಿತು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ ಇದ್ದರು. ಆ ಆಟವನ್ನು ಮೊಬೈಲಿನಲ್ಲಿ ನಾವೆಲ್ಲ ಸೇರಿ ನೋಡಿದೆವು. ನಾನು ನೋಡುತ್ತಿದ್ದುದು ಅವರ ಕಾಲನ್ನಲ್ಲ. ಎದುರಾಳಿ ತಿರುಗುವ ಮೊದಲೇ ಅವರ ಕಣ್ಣು ಎತ್ತ ಹೋಗುತ್ತಿತ್ತೆಂಬುದನ್ನು.

ಹಾಗೆಂದು ಈ ಮಾತನ್ನು ಅತಿಗೊಯ್ಯಬಾರದು. ಕಂಬವನ್ನು ಎಲ್ಲಿ ಹಿಡಿಯಬೇಕೆಂದೇ ತಿಳಿಯದ ಹೊಸಬಳನ್ನು ಮೊದಲ ದಿನವೇ ಕಲಬೆರಕೆಗೆ ತಳ್ಳಿದರೆ ಮೊಣಕಾಲು ತರಚೀತೇ ಹೊರತು ವಿದ್ಯೆ ಬಾರದು. ತೀರ ಎಳೆಯರಲ್ಲಿ ಕಲಸಿದ ಅಭ್ಯಾಸದ ಲಾಭ ಅಷ್ಟು ಸ್ಪಷ್ಟವಾಗಿಲ್ಲವೆಂದೂ ಶೋಧನೆಗಳು ಹೇಳುತ್ತವೆ. ಅಪಾಯವಿಲ್ಲದೆ ಮಾಡುವಷ್ಟು ಬಂದೊಡನೆ ಕಲಸಲು ತೊಡಗಬೇಕು, ಅದಕ್ಕಿಂತ ಮೊದಲಲ್ಲ.

ತರಬೇತಿ ಕೊಡುವವರಿಗೆ ಸಂಬಂಧಿಸಿದ ಮಾತು ಎರಡುಂಟು. ಪ್ರತಿ ಸಲವೂ ಬದಿಯಿಂದ ಕೂಗಿ ತಿದ್ದುವುದು ಒಳ್ಳೆಯದೆಂದು ನಮ್ಮ ನಂಬಿಕೆ. 1990ರಲ್ಲಿ ವಿನ್‌ಸ್ಟೀನ್ ಮತ್ತು ಶ್ಮಿಟ್ ನಡೆಸಿದ ಪ್ರಯೋಗದಲ್ಲಿ, ಪ್ರತಿ ಪ್ರಯತ್ನಕ್ಕೂ ಫಲಿತಾಂಶ ತಿಳಿಸಿಕೊಂಡವರಿಗಿಂತ ಅರ್ಧದಷ್ಟು ಪ್ರಯತ್ನಗಳಿಗೆ ಮಾತ್ರ ತಿಳಿಸಿಕೊಂಡವರು ಮರುದಿನದ ಪರೀಕ್ಷೆಯಲ್ಲಿ ಮೇಲಾದರು. ಊರುಗೋಲು ಕೊಟ್ಟವರಿಗೆ ಊರುಗೋಲಿಲ್ಲದೆ ನಡೆಯುವುದು ಬಾರದು. ಎರಡನೆಯದು: "ಮೊಣಕಾಲು ಮಡಿಸು" ಎನ್ನುವುದಕ್ಕಿಂತ "ಆ ಗೆರೆಯಾಚೆ ಕೈ ಊರು" ಎನ್ನುವುದು ಲೇಸು. ಗಾಬ್ರಿಯೆಲೆ ವುಲ್ಫ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು 1998ರಿಂದೀಚೆಗೆ ಪ್ರಯೋಗಗಳಲ್ಲಿ ತೋರಿಸಿರುವಂತೆ, ಗಮನ ತನ್ನ ಅಂಗದ ಮೇಲಿರುವುದಕ್ಕಿಂತ ಹೊರಗಿನ ಗುರಿಯ ಮೇಲಿದ್ದಾಗ ಚಲನೆ ಸಲೀಸಾಗುತ್ತದೆ. ಇದರ ಜೊತೆಗೆ ನಿದ್ರೆಯನ್ನೂ ಹೇಳಿಬಿಡುತ್ತೇನೆ: ಬೆರಳಿನಿಂದ ಗುಂಡಿಗಳನ್ನು ಕ್ರಮವಾಗಿ ಒತ್ತುವುದನ್ನು ಕಲಿತವರ ವೇಗ, ಮತ್ತೆ ಅಭ್ಯಾಸವಿಲ್ಲದೆಯೇ, ಒಂದು ರಾತ್ರಿಯ ನಿದ್ರೆಯ ಬಳಿಕ ಸುಮಾರು ಶೇಕಡ 20ರಷ್ಟು ಏರಿದುದನ್ನು ವಾಕರ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದ್ದಾರೆ. ಪಂದ್ಯದ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಹರಟುವವರು ಗಮನಿಸಬೇಕು.

ಇನ್ನು "ಹುಟ್ಟುಗುಣ"ದ ಮಾತು. ಹತ್ತು ಸಾವಿರ ಗಂಟೆ ದುಡಿದರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದೆಂಬ ಮಾತು ಈಚೆಗೆ ಎಲ್ಲರ ಬಾಯಲ್ಲೂ ಇದೆ. 1993ರಲ್ಲಿ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳಲ್ಲಿ ಅತ್ಯುತ್ತಮರು ಇಪ್ಪತ್ತನೆಯ ವಯಸ್ಸಿನವರೆಗೆ ಮಾಡಿದ ಸಾಧನೆಯ ಸರಾಸರಿಯನ್ನು ಹೇಳಿದ್ದರು. ಅದು ವರ ಕೊಡುವ ಮಂತ್ರವೆಂದು ಅವರು ಹೇಳಿರಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಮ್ಯಾಕ್ನಮಾರಾ ಮತ್ತು ಸಂಗಡಿಗರು ಮಾಡಿದ ಲೆಕ್ಕದಂತೆ, ಕ್ರೀಡೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಶೇಕಡ 18ರಷ್ಟನ್ನು ಮಾತ್ರ ಅಭ್ಯಾಸದ ಗಂಟೆಗಳು ವಿವರಿಸುತ್ತವೆ. ಎತ್ತರ, ಮೈಕಟ್ಟು, ಊಟ, ತೊಡಗಿದ ವಯಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಭ್ಯಾಸವೇ ಸರ್ವಸ್ವವೆಂದು ನಾನೂ ಹೇಳುವುದಿಲ್ಲ. ಆದರೆ ಯಾರಲ್ಲಿ ಎಷ್ಟಿದೆಯೆಂದು ಒಂದು ಸಂಜೆಯಲ್ಲಿ ಅಳೆದುಬಿಡಬಹುದೆಂದು ಹೇಳುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ.

ನನ್ನ ಚಿಕ್ಕಮ್ಮನ ಮಗಳೊಬ್ಬಳು ಪ್ರೌಢಶಾಲೆಯೊಂದರಲ್ಲಿ ಓದುತ್ತಿದ್ದಾಗ ತಂಡದ ಆಯ್ಕೆಗೆ ಹೋದಳು. ಅಲ್ಲಿಯವರೆಗೆ ಅವಳು ಕಂಬವಿರುವ ಅಂಕಣವನ್ನೇ ಕಂಡವಳಲ್ಲ. ಅರ್ಧ ಗಂಟೆ ಓಡಿಸಿ ನೋಡಿ, "ನಿನಗೆ ಈ ಆಟ ಹತ್ತುವುದಿಲ್ಲ" ಎಂದು ಕಳಿಸಿಬಿಟ್ಟರು. ಆಯ್ಕೆಯಾದವರು ಹಿಂದಿನ ಶಾಲೆಯಲ್ಲಿ ಎರಡು ವರ್ಷ ಆಡಿ ಬಂದವರು. ಅವರ ಎರಡು ವರ್ಷಕ್ಕೂ ಇವಳ ಅರ್ಧ ಗಂಟೆಗೂ ತೂಕ ಹಾಕಿ, ಬಂದ ಅಂತರಕ್ಕೆ ಹುಟ್ಟುಗುಣವೆಂದು ಹೆಸರಿಟ್ಟರು. ನಮ್ಮ ಹಳ್ಳಿಗಳಲ್ಲಿ ಹುಡುಗಿಯೊಬ್ಬಳು ಒಮ್ಮೆ ಬಯಲು ಬಿಟ್ಟರೆ ಮತ್ತೆ ಅತ್ತ ಕಾಲಿಡುವುದು ಅಪರೂಪ. ಅವಳು ಇಂದಿಗೂ ನಮ್ಮ ಊರಿನಲ್ಲಿ ಮೇಕೆಯನ್ನು ಬೆನ್ನಟ್ಟಿ ತಿರುವಿ ಹಿಡಿಯುವುದನ್ನು ನೋಡಿದರೆ ಸರಪಳಿ ಓಟ ಆಡುವ ನಮಗೇ ನಾಚಿಕೆಯಾಗಬೇಕು.

ಮೊದಲ ದಿನದ ಆಟ ಕಲಿಕೆಯನ್ನು ತೋರಿಸುವುದಿಲ್ಲವೆಂದು ಇಷ್ಟು ಪ್ರಯೋಗಗಳು ಸಾರುತ್ತಿರುವಾಗ, ಆಯ್ಕೆಯನ್ನು ಮೊದಲ ದಿನವೇ ಮಾಡಬೇಕೇಕೆ? ಮುಂದಿನ ವರ್ಷ ನಮ್ಮ ಕಾಲೇಜಿನಲ್ಲಿ ಹೀಗೆ ಮಾಡಿ ನೋಡಬಹುದೆಂದು ಅಧ್ಯಾಪಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಹೆಸರು ಕೊಟ್ಟವರೆಲ್ಲರನ್ನೂ ಮೂರು ವಾರ ಇಟ್ಟುಕೊಳ್ಳಲಿ. ಮೊದಲ ವಾರ ಕಂಬ, ಖೋ, ಓಟಗಳ ಪರಿಚಯ. ಮುಂದಿನ ಎರಡು ವಾರ ಎಲ್ಲವನ್ನೂ ಕಲಸಿದ ಆಟ. ಆಮೇಲೆ ನಾಲ್ಕು ದಿನ ಬಿಡುವು. ಬಿಡುವಿನ ಬಳಿಕ ಉಳಿದಿರುವುದನ್ನು ನೋಡಿ ತಂಡ ಆರಿಸಲಿ. ಇದಕ್ಕೆ ಕಾಸಿನ ಖರ್ಚಿಲ್ಲ; ಬೇಕಾದದ್ದು ಸುಣ್ಣದ ಗೆರೆ, ಇರುವ ಎರಡು ಕಂಬಗಳು. ಒಂದು ತೊಡಕು ಮಾತ್ರ ಉಂಟು. ನಮ್ಮ ಅಭ್ಯಾಸ ತೊಡಗುವುದು ಸಂಜೆ ಐದಕ್ಕೆ; ಹಳ್ಳಿಗಳ ಕಡೆಯ ಬಸ್ಸು ಹೊರಡುವುದು ಐದೂವರೆಗೆ. ಬಸ್ಸಿಗೆ ಓಡುವ ಹುಡುಗಿಯರಲ್ಲಿ ಹೆಚ್ಚಿನವರು ಎಂದೂ ಆಡಿ ನೋಡದವರು. ಬೆಳಗಿನ ಬಸ್ಸು ಎಂಟೂಕಾಲಿಗೇ ಬಂದು ನಿಲ್ಲುತ್ತದೆ, ಮೊದಲ ತರಗತಿ ತೊಡಗುವುದು ಹತ್ತಕ್ಕೆ. ನಡುವಿನ ಹೊತ್ತಿನಲ್ಲಿ ಬಯಲು ಬರಿದಾಗಿರುತ್ತದೆ.